ಅಲೆಕ್ಸಾಂಡರನ ಬೆಳ್ಳಿ ಟೆಟ್ರಾಡ್ರಾಕ್ಮ್: 16.12 ಗ್ರಾಂ, 26 ಮಿ.ಮೀ. ತಗೋಬಹುದಾ, ಬಿಡಬೇಕಾ?

ಲಾರಿನ್_ವಿಜಯಪುರ:

ನಮಸ್ಕಾರ್ರಿ ಎಲ್ಲಾರಿಗೂ. ಇಲ್ಲೀತನಕ ಆದಿಲಶಾಹಿ ತಾಮ್ರದ ನಾಣ್ಯ ಮತ್ತ ಎರಡನೇ ಅಲಿ ಆದಿಲಶಾಹನ ಬೆಳ್ಳಿ ಲಾರಿನ್ (ಮಡಚಿದ ತಂತಿಯಂಥ ನಾಣ್ಯ), ಇಷ್ಟರಾಗ ನನ್ನ ಸಂಗ್ರಹ ಅದ. ಈಗ ಗ್ರೀಕ್ ಬೆಳ್ಳಿ ಶುರು ಮಾಡಬೇಕಂತ ಮನಸ್ಸದ, ಅದರಾಗೂ ಅಲೆಕ್ಸಾಂಡರನಿಂದ ಮುಂದಿನ ಮೂರು ಶತಮಾನದ್ದು. ಒಬ್ಬ ವ್ಯಾಪಾರಿ ಅಲೆಕ್ಸಾಂಡರನ ಟೆಟ್ರಾಡ್ರಾಕ್ಮ್, ಅಂದ್ರ ನಾಕು ಡ್ರಾಕ್ಮಿನ ದೊಡ್ಡ ಬೆಳ್ಳಿ ನಾಣ್ಯ, ಅಂತ ಒಂದು ತೋರಿಸ್ಯಾರ. ವಿವರ ಬರೀತೀನಿ, ಬಲ್ಲವರು ಹೇಳ್ರಿ.

ತೂಕ 16.12 ಗ್ರಾಂ, ಅಡ್ಡಗಲ 26 ಮಿ.ಮೀ. ಮುಂಬದಿಗೆ ಸಿಂಹದ ಚರ್ಮ ತಲಿಗೆ ಹೊದ್ದ, ಗಡ್ಡ ಇಲ್ಲದ ಮುಖ, ಬಲಕ್ಕ ನೋಡ್ತದ. ಹಿಂಬದಿಗೆ ಪೀಠದ ಮ್ಯಾಲ ಕೂತ ಜ್ಯೂಸ್. ಒಂದು ಕೈಯಾಗ ಹದ್ದು, ಇನ್ನೊಂದರಾಗ ದಂಡ, ಕಾಲಮ್ಯಾಲ ಕಾಲು. ಜ್ಯೂಸನ ಬೆನ್ನ ಹಿಂದ ಗ್ರೀಕ್ ಬರಹ. ಸವೆತ ಅಂಬೂದೇ ಇಲ್ಲ, ಸಿಂಹದ ಕೇಸರದ ಒಂದೊಂದು ಕೂದಲೂ ಅದ, ಆದ್ರ ಸ್ವಲ್ಪ ಮಬ್ಬು. ಅಂಚಿನ ಸುತ್ತ ಕೂದಲೆಳಿಯಂಥ ಗೆರಿ ಅಲ್ಲಲ್ಲಿ ಕಾಣ್ತದ. ಹಾಲ್‌ಮಾರ್ಕ್ ಸೆಂಟರಿನ ಮಷಿನ್ನಿನಾಗ ಇಟ್ಟಾಗ ಬಂದದ್ದು ಶೇಕಡಾ ಲೆಕ್ಕದಾಗ: ಬೆಳ್ಳಿ 92.6, ತಾಮ್ರ 7.2, ಸತು 0.2. ಚಿನ್ನ, ಸೀಸ ಎರಡೂ ಸೊನ್ನಿ.

ವ್ಯಾಪಾರಿ ಹೇಳೂದು, ಇದು ಅಲೆಕ್ಸಾಂಡರ್ ಬದುಕಿದ್ದಾಗಿಂದು, ಪಟ್ಟದಕಲ್ಲಿನ ಕಡೆ ಹೊಲದಾಗ ಸಿಕ್ಕದ್ದು ಅಂತ. 22,000 ಕೇಳ್ಯಾರ. ಖರೇ ಇರಬಹುದಾ? ಮನಿಯಾಗ ಪರೀಕ್ಷಾ ಮಾಡೂ ದಾರಿ ಏನು? ಇದನ್ನ ಬಿಟ್ಟರ, 25-30 ಸಾವಿರದಾಗ ಎಲ್ಲಿಂದ ಶುರು ಮಾಡಬೇಕು?

ಶಹಾಪುರ_ತಕ್ಕಡಿ:

ಬಿಟ್ಟುಬಿಡ್ರಿ ಸರ. ಫೋಟೋ ಹಾಕೂ ಮೊದಲ ನಿಮ್ಮ ಅಂಕಿ-ಸಂಖ್ಯೇನ ಎಲ್ಲಾ ಹೇಳ್ಯಾವು.

ಅಲೆಕ್ಸಾಂಡರ್ ಹಿಡದದ್ದು ಅಥೆನ್ಸಿನ ತೂಕದ ಮಾನ. ಡ್ರಾಕ್ಮ್ ಸುಮಾರು 4.3 ಗ್ರಾಂ, ಅದರ ನಾಕು ಪಟ್ಟಿನ ಟೆಟ್ರಾಡ್ರಾಕ್ಮ್ ಸುಮಾರು 17.2. ಚಲೋ ಸ್ಥಿತಿಯೊಳಗಿನ ಖರೇ ನಾಣ್ಯ ಹೆಚ್ಚಾಗಿ 16.8ರಿಂದ 17.3ರ ನಡುವ ಬೀಳ್ತೈತಿ. ಅದಕ್ಕಿಂತ ಹಗರ ಇರೂವೂ ಅದಾವು, ಆದ್ರ ಅವಕ್ಕ ಕಾರಣ ಕಣ್ಣಿಗೇ ಕಾಣ್ತೈತಿ. ಸವದು ಮುಖ ಸಪಾಟ ಆಗಿರತೈತಿ, ಇಲ್ಲಾ ಮಣ್ಣಿನಾಗ ತಿಂದು ಮೈತುಂಬ ತೂತು ಬಿದ್ದಿರತಾವ, ಇಲ್ಲಾ ಯಾರೋ ಅಂಚು ಕತ್ತರಿಸಿರ್ತಾರ. ನಿಮ್ಮದಕ್ಕ ಸವೆತಿಲ್ಲ, ತೂತಿಲ್ಲ, ಕತ್ತರಿಸಿಲ್ಲ, ಆದ್ರೂ ಒಂದು ಗ್ರಾಮಿನಷ್ಟು ಬೆಳ್ಳಿ ಕಡಿಮಿ. ಎಲ್ಲಿ ಹೋತು ಅದು? ಖರೇ ನಾಣ್ಯದ ಮ್ಯಾಲ ಅಚ್ಚು ತಗದು ಎರಕ ಹೊಯ್ದ್ರ ಲೋಹ ಆರೂ ಮುಂದ ಕುಗ್ಗತೈತಿ. ಗಾತ್ರ ಒಂಚೂರು ಸಣ್ಣ ಆಗ್ತೈತಿ, ತೂಕ ಅದಕ್ಕಿಂತ ಜಾಸ್ತಿ ಇಳೀತೈತಿ. ಅಂಚಿನ ಮ್ಯಾಲಿನ ಗೆರಿ ಆ ಎರಡು ಅರ್ಧ ಅಚ್ಚು ಕೂಡಿದ ಜಾಗಾ. ಕಾನಸಿಲೆ ತಿಕ್ಕಿ ತಗೀತಾರ, ಪೂರ್ತಿ ಹೋಗಂಗಿಲ್ಲ. ಕೇಸರದ ಕೂದಲಾ ಇದ್ದೂ ಮಬ್ಬು ಅಂದ್ರೆಲ್ಲ, ಅದೂ ಎರಕದ ಗುರುತ. ಸವೆತ ಎತ್ತರದ ಜಾಗಾ ಅಷ್ಟ ತಿಂತೈತಿ. ಎತ್ತರ-ತಗ್ಗು ಎರಡೂ ಒಂದ ಸಮ ಮಬ್ಬಾಗಿದ್ರ ಅದು ಸವೆತ ಅಲ್ಲ.

ಹಂಗಂತ ಎಲ್ಲಾ ಟೆಟ್ರಾಡ್ರಾಕ್ಮಿಗೂ 17.2 ಅಂತ ಗಂಟ ಹಾಕ್ಕೋಬ್ಯಾಡ್ರಿ. ಈಜಿಪ್ಟಿನ ಪ್ಟೊಲೆಮಿ ರಾಜರದು 14.2ರ ಸುತ್ತ, ಈಗಿನ ತುರ್ಕಿಯೊಳಗಿನ ಪೆರ್ಗಮಾನಿನ ಹಾವಿನ ಬುಟ್ಟಿ ಇರೂ ನಾಣ್ಯ 12.6, ಇಂಡೋ-ಗ್ರೀಕ್, ಅಂದ್ರ ವಾಯವ್ಯ ಭಾರತ ಆಳಿದ ಗ್ರೀಕ ರಾಜರದು 9.8. ಮೊದಲ ಯಾವ ಮಾನದ್ದು ಅಂತ ನೋಡಿ, ಆಮ್ಯಾಲ ತೂಗ್ರಿ.

ಇನ್ನ ಮಷಿನ್ನಿಂದು. 92.6 ಬೆಳ್ಳಿ, ಉಳದದ್ದು ತಾಮ್ರ ಅಂದ್ರ ಇವತ್ತಿನ ಅಂಗಡ್ಯಾಗ ಸಿಗೂ 925ರ ಬೆಳ್ಳಿ. ಅಲೆಕ್ಸಾಂಡರನ ಟಂಕಸಾಲಿ ಬೆಳ್ಳಿ ಸಾಮಾನ್ಯ 97ರ ಮ್ಯಾಲ ಇರತೈತಿ. ಅದಕ್ಕೂ ದೊಡ್ಡ ಸುಳುವು ಆ ಎರಡು ಸೊನ್ನಿ. ಆವಾಗಿನ ಬೆಳ್ಳಿ ಸೀಸದ ಅದಿರಿನಿಂದ ಬರ್ತಿತ್ತು. ಮೂಸಿಯಾಗ ಗಾಳಿ ಊದಿ ಸೀಸ ಸುಟ್ಟು ತಗದ್ರೂ ಚೂರು ಉಳೀತಿತ್ತು. ಚಿನ್ನ ಬೇರೆ ಮಾಡೂ ಆಮ್ಲ ಆವಾಗ ಇರಲೇ ಇಲ್ಲ, ಹಿಂಗಾಗಿ ಅದೂ ಚೂರು ಉಳೀತಿತ್ತು. ಇವತ್ತಿನ ಶುದ್ಧ ಬೆಳ್ಳಿಯೊಳಗ ಎರಡೂ ಇರಂಗಿಲ್ಲ.

ಒಂದು ಮಾತು ಲಕ್ಷ್ಯದಾಗ ಇರಲಿ. ಆ ಮಷಿನ್ ಮ್ಯಾಲಿನ ತೆಳ್ಳನ ಪದರು ಅಷ್ಟ ಓದತೈತಿ. ಎರಡು ಸಾವಿರ ವರ್ಷ ಮಣ್ಣಾಗಿದ್ದ ನಾಣ್ಯದ ಮೈಯಿಂದ ತಾಮ್ರ ಕರಗಿ ಹೋಗಿ ಮ್ಯಾಲ ಬೆಳ್ಳಿ ಜಾಸ್ತಿ ಆಗಿರತೈತಿ, ಅಂದ್ರ ಖರೇದು ಒಳಗಿಗಿಂತ ಮ್ಯಾಲ ಹೆಚ್ಚಿಗೆ ತೋರಿಸಬೇಕು. ನಿಮ್ಮದು ಮ್ಯಾಲೂ 92.6. ಇದರ ಉಲ್ಟಾ ಮೋಸಾನೂ ಐತಿ. ಒಳಗ ತಾಮ್ರದ ಬಿಲ್ಲಿ, ಮ್ಯಾಲ ಬೆಳ್ಳಿ ತಗಡು ಸುತ್ತಿದ ನಾಣ್ಯ ಗ್ರೀಕರ ಕಾಲದಾಗೇ ಮಾಡ್ತಿದ್ರು. ಅದನ್ನ ಮಷಿನ್ನಿನಾಗ ಇಟ್ರ 98 ಅಂತೈತಿ. ಹಿಂಗಾಗಿ ನೀರಿನ ಪರೀಕ್ಷಾ ಬಿಡಬಾರ್ದು.

ಅದನ್ನ ಮಾಡೂದು ಹಿಂಗ. 0.01 ಗ್ರಾಂ ತೋರಿಸೂ ಬಂಗಾರದ ತೂಕದ ಮಷಿನ್ ಸಾಕು. ಮೊದಲ ನಾಣ್ಯ ಒಣಗಿದ್ದಾಗ ತೂಗ್ರಿ. ನೀರು ಕುದಿಸಿ ಪೂರ್ತಿ ಆರಿಸ್ರಿ, ಇಲ್ಲಂದ್ರ ಒಳಗಿನ ಗಾಳಿ ಗುಳ್ಳಿಯಾಗಿ ನಾಣ್ಯಕ್ಕ ಅಂಟತೈತಿ. ಸಣ್ಣ ಪ್ಲಾಸ್ಟಿಕ್ ಲೋಟದಾಗ ಮುಕ್ಕಾಲು ನೀರು, ಒಂದು ಹನಿ ಪಾತ್ರಿ ತೊಳಿಯೂ ದ್ರವ. ಲೋಟ ಮಷಿನ್ ಮ್ಯಾಲ ಇಟ್ಟು ಸೊನ್ನಿ ಮಾಡ್ರಿ. ತೆಳ್ಳನ ನೈಲಾನ್ ದಾರಕ್ಕ ನಾಣ್ಯ ಕಟ್ಟಿ, ಪೂರ್ತಿ ಮುಳುಗಿ, ತಳಕ್ಕೂ ಬಾಜೂಕ್ಕೂ ತಾಗದಂಗ ನೀರಾಗ ಇಳಿಬಿಡ್ರಿ. ಆವಾಗ ಮಷಿನ್ ತೋರಿಸೂ ಅಂಕಿಯಿಂದ ಒಣ ತೂಕ ಭಾಗಿಸ್ರಿ. ಶುದ್ಧ ಬೆಳ್ಳಿ 10.49, ತಾಮ್ರ 8.96, ಜರ್ಮನ್ ಸಿಲ್ವರ್ 8.7ರ ಸುತ್ತ. ಒಳಗ ತಾಮ್ರ ಇದ್ರ 9ರ ಕಡೆ ಬೀಳ್ತೈತಿ.

ದೊಡ್ಡ ನಾಣ್ಯಕ್ಕ ಇದು ಚಲೋ ನಡೀತೈತಿ. 17.05 ಗ್ರಾಮಿನ ನಾಣ್ಯಕ್ಕ 1.64 ಬಂದ್ರ 10.40. ಮಷಿನ್ 0.01 ಅತ್ತಾಗ ಇತ್ತಾಗ ಆದ್ರ ಉತ್ತರ 10.33ರಿಂದ 10.46, ನಡೀತೈತಿ. ಆದ್ರ 2.44 ಗ್ರಾಮಿನ ಸಣ್ಣ ಡ್ರಾಕ್ಮಿಗೆ ನೀರಿನ ಅಂಕಿ 0.23 ಬಂದ್ರ 10.6, 0.24 ಬಂದ್ರ 10.2. ಇದರ ಮ್ಯಾಲ ಏನ್ ತೀರ್ಮಾನ ಮಾಡೂದು? ಅದಕ್ಕ 0.001ರ ಮಷಿನ್ ಬೇಕ ಬೇಕು. ಸರಾಫ ಅಂಗಡಿಯಾಗ ಕೇಳ್ರಿ, ಇರತೈತಿ.

ಮತ್ತ ಪತ್ತಾರ ಕಡೆ ಒಯ್ದಾಗ ಒರಿಗಲ್ಲಿಗೆ ತಿಕ್ಕಾಕ ಕೊಡಬ್ಯಾಡ್ರಿ. ಅವರ ಚಟಾ ಅದು, ಕೈಗೆ ಬಂದ್ರ ತಿಕ್ಕಿಬಿಡ್ತಾರ. ನೆಲಕ್ಕ ಒಗದು ಖಣ್ ಅಂತೈತೇನು ನೋಡೂದಂತೂ ಬ್ಯಾಡೇ ಬ್ಯಾಡ. ಹಳೇ ಬೆಳ್ಳಿ ಒಳಗೊಳಗ ಹರಳುಗಟ್ಟಿ ಗಡುಸಾಗಿರತೈತಿ, ಬಿದ್ರ ಎರಡು ತುಂಡು. ಒಡದ ಜಾಗಾ ಸಕ್ಕರಿ ಅಚ್ಚಿನಂಗ ಕಾಳು ಕಾಳು ಹೊಳೀತೈತಿ. ಅಂದ್ರ ನಾಣ್ಯ ಖರೇದು ಅಂತ ಖಾತ್ರಿ ಆಗ್ತೈತಿ, ನಾಣ್ಯ ಉಳಿಯಂಗಿಲ್ಲ.

ಘಟಪ್ರಭಾ_ದಂಡಿ:

ಲೋಹದ ಮಾತು ಮುಗೀತು, ನಾನು ಹೊಲದ ಮಾತು ಹೇಳ್ತೀನಿ. ನಮ್ಮ ಬಾಗಲಕೋಟಿ ಜಿಲ್ಲಾದಾಗ ಹೊಲದಾಗ ಸಿಕ್ಕದ್ದು ಅಂತ ಯಾರರೆ ಅಂದ್ರ ಎರಡೇ ಅರ್ಥ. ಮಾತು ಸುಳ್ಳಿದ್ರ ನಾಣ್ಯಾನೂ ಸುಳ್ಳು. ಮಾತು ಖರೇ ಇದ್ರ ನೀವು ನಿಧಿ ಕಾನೂನಿನೊಳಗ ಸಿಗ್ತೀರಿ. ನೆಲದಾಗ ಹುದುಗಿದ್ದ ಬೆಲೆಬಾಳೂ ವಸ್ತು ಸಿಕ್ಕವರು ಸರಕಾರಕ್ಕ ತಿಳಿಸಬೇಕು. ಕರ್ನಾಟಕಕ್ಕ 1962ರ ಬೇರೇನ ಕಾಯ್ದೆ ಐತಿ. ಜಿಲ್ಲಾಧಿಕಾರಿ ಕಚೇರಿಗೆ ಹೋಗೂದು ಬಿಟ್ಟು ಕೈಯಿಂದ ಕೈಗೆ ಮಾರಿದ್ದನ್ನ ಬಿಲ್ಲಿಲ್ದ ತಗೊಂಡ್ರ ನಾಳೆ ಉತ್ತರ ಕೊಡೋರು ನೀವು.

1972ರ ಪ್ರಾಚೀನ ವಸ್ತುಗಳ ಕಾಯ್ದೆ ಪ್ರಕಾರ ನೂರು ವರ್ಷ ದಾಟಿದ ನಾಣ್ಯ ಪ್ರಾಚೀನ ವಸ್ತು. ಸಂಗ್ರಹಿಸೂದು, ಮನಿಯಾಗ ಇಟ್ಟುಕೊಳ್ಳೂದು ತಪ್ಪಲ್ಲ. ಮಾರೂ ಧಂದೆ ಮಾಡೋರಿಗೆ ಲೈಸೆನ್ಸ್ ಬೇಕು. ದೇಶದ ಹೊರಗ ಕಳಸಾಕ ಖಾಸಗಿ ಮನಶ್ಯಾಗ ದಾರೀನ ಇಲ್ಲ. ಕೇಂದ್ರ ಸರಕಾರ, ಇಲ್ಲಾ ಅದು ಅಧಿಕಾರ ಕೊಟ್ಟ ಸಂಸ್ಥೆ ಅಷ್ಟ ಕಳಸಬಹುದು.

ಬನಶಂಕರಿ ಜಾತ್ರ್ಯಾಗ, ಬಾದಾಮಿ ಬಸ್ ಸ್ಟ್ಯಾಂಡಿನ ಕಡೆ ಸಿಕಂದರನ ನಾಣ್ಯ ಅಂತ ಮಾರೂ ಬಿಲ್ಲೆಗಳ ಬಗ್ಗೆ ಬರಿಯೂದೇ ಬ್ಯಾಡ. ಶ್ರೀರಾಮ ಪಟ್ಟಾಭಿಷೇಕದ ಈಸ್ಟ್ ಇಂಡಿಯಾ ಕಂಪನಿ ಬಿಲ್ಲೆ ಇದ್ದ ಪುಟ್ಟ್ಯಾಗೇ ಅವೂ ಇರತಾವ.

ಲಾರಿನ್_ವಿಜಯಪುರ:

ತಕ್ಕಡಿ ಸರ, ನೀರಿನ ಪರೀಕ್ಷಾ ಮಾಡಿದೆ. ಒಣ ತೂಕ 16.12, ನೀರಾಗ 1.56. ಭಾಗಿಸಿದ್ರ 10.33 ಬಂತು. ಅಂದ್ರ ಬೆಳ್ಳಿ ಅಂಬೂದು ಖಾತ್ರಿ ಆತಲ್ಲ? ಒಳಗ ತಾಮ್ರ ಇಲ್ಲ. ಹಂಗಿದ್ರ ಖರೇ ಇರೂ ಸಾಧ್ಯತಾ ಏನರೆ ಉಳೀತದ?

ಶಹಾಪುರ_ತಕ್ಕಡಿ:

ಬೆಳ್ಳಿ ಹೌದು ಸರ. ಯಾವಾಗಿನ ಬೆಳ್ಳಿ ಅಂತ ನೀರಿಗೆ ಗೊತ್ತಾಗಂಗಿಲ್ಲ. 925ರ ಬೆಳ್ಳಿ ಲೆಕ್ಕಾ ಹಾಕಿದ್ರ 10.36 ಬರಬೇಕು. ನಿಮಗ 10.33 ಬಂದೈತಿ, ಎರಕದಾಗ ಒಂದೆರಡು ಗುಳ್ಳಿ ಉಳದ್ರ ಅಷ್ಟು ಇಳಿಯೂದ. ಹಾಲ್‌ಮಾರ್ಕ್ ಮಷಿನ್ ಹೇಳಿದ್ದಕ್ಕ ನೀರೂ ಹೌದಂದೈತಿ. ಈ ಪರೀಕ್ಷಾ ಸುಳ್ಳು ನಾಣ್ಯ ಹೊರಗ ಹಾಕಾಕ ಬರ್ತೈತಿ, ಖರೇದು ಅಂತ ಸರ್ಟಿಫಿಕೇಟ್ ಕೊಡಾಕ ಬರಂಗಿಲ್ಲ. ಜಾಣ ನಕಲಿಗಾರ ಹಳೇ ಸವದ ಗ್ರೀಕ್ ಬೆಳ್ಳಿನ ಕರಗಿಸಿ ಹೊಸಾ ಠಸ್ಸೆ (ಚಿತ್ರ ಕೆತ್ತಿದ ಅಚ್ಚು) ಹೊಡದ್ರ ತೂಕ, ಟಚ್ (ಬೆಳ್ಳಿ ಶುದ್ಧತಾ), ನೀರು ಎಲ್ಲಾ ಪಾಸ್. ಅಲ್ಲಿಂದ ಮುಂದ ಠಸ್ಸೆ ಓದಾಕ ಬರಬೇಕು. ಅದನ್ನ ಖರೋಷ್ಠಿ ಮೇಡಮ್ ಅವರು ಹೇಳಲಿ.

ಖರೋಷ್ಠಿ_ಓದುಗಿ:

ಮೊದಲು ವ್ಯಾಪಾರಿಯ ಮಾತನ್ನೇ ನಾಣ್ಯದ ಎದುರಿಗಿಟ್ಟು ನೋಡೋಣ. ಸಿಂಹಚರ್ಮ ಹೊದ್ದ ಮುಖ ಅಲೆಕ್ಸಾಂಡರನದಲ್ಲ, ಹೆರಾಕ್ಲಿಸನದು. ಹಿಂಬದಿಯ ಜ್ಯೂಸ್ ಎರಡೂ ಕಾಲು ಸಮನಾಗಿ ಇಳಿಬಿಟ್ಟು ಕೂತಿದ್ದರೆ ಆರಂಭದ ಶೈಲಿ. ಒಂದು ಕಾಲು ಹಿಂದೆ ಸರಿಸಿ ಅಡ್ಡ ಹಾಕಿದ್ದರೆ ಹೆಚ್ಚಾಗಿ ಅಲೆಕ್ಸಾಂಡರ್ ಸತ್ತ ಕ್ರಿ.ಪೂ. 323ರ ನಂತರದ್ದು. ಪೂರ್ವದ ಕೆಲವು ಟಂಕಸಾಲೆಗಳಲ್ಲಿ ಅವನ ಕೊನೆಯ ವರ್ಷಗಳಲ್ಲೇ ಈ ಭಂಗಿ ಶುರುವಾಗಿತ್ತು, ಆದ್ದರಿಂದ ಇದೊಂದೇ ಕಾರಣಕ್ಕೆ ನಾಣ್ಯವನ್ನು ತಳ್ಳಿಹಾಕಲಾಗದು. ಆದರೆ ಅಡ್ಡಗಾಲಿನ ನಾಣ್ಯ ತೋರಿಸಿ ಖಂಡಿತ ಅವನು ಬದುಕಿದ್ದಾಗಿನದೇ ಎನ್ನುವವರಿಗೆ ವಿಷಯ ಗೊತ್ತಿಲ್ಲ, ಅಥವಾ ನಿಮಗೆ ಗೊತ್ತಿಲ್ಲ ಎಂದು ಗೊತ್ತು.

ಅಲೆಕ್ಸಾಂಡರ್ ಸತ್ತ ಮೇಲೂ ಅವನ ಹೆಸರಿನಲ್ಲೇ ಇನ್ನೂರು ವರ್ಷಕ್ಕೂ ಹೆಚ್ಚು ಕಾಲ ನಾಣ್ಯ ಹೊಡೆದರು. ಕಪ್ಪು ಸಮುದ್ರದ ದಡದ ಒಡೆಸ್ಸೊಸ್, ಮೆಸೆಂಬ್ರಿಯಾಗಳಲ್ಲಿ ಕ್ರಿ.ಪೂ. 1ನೇ ಶತಮಾನದವರೆಗೂ ಇದು ನಡೆಯಿತು. ಆರಂಭದವು ದಪ್ಪ ಬಿಲ್ಲೆ, 25ರಿಂದ 28 ಮಿ.ಮೀ. 2ನೇ ಶತಮಾನದ ಹೊತ್ತಿಗೆ ಅದೇ ತೂಕವನ್ನು ತಟ್ಟಿ ಅಗಲ ಮಾಡಿ 30 ಮಿ.ಮೀ. ದಾಟಿಸಿದರು. ಟಂಕಸಾಲೆ ಯಾವುದೆಂದು ತಿಳಿಯಲು ಜ್ಯೂಸನ ಮುಂದಿನ ಖಾಲಿ ಜಾಗದಲ್ಲಿರುವ ಚಿಹ್ನೆ ಮತ್ತು ಪೀಠದ ಕೆಳಗಿನ ಕೂಡಕ್ಷರ (ಒಂದಕ್ಕೊಂದು ಹೆಣೆದ ಅಕ್ಷರಗಳು) ನೋಡಬೇಕು. ಇವನ್ನು ನಾಣ್ಯತಜ್ಞ ಮಾರ್ಟಿನ್ ಪ್ರೈಸ್ 1991ರಲ್ಲಿ ಕ್ರಮಬದ್ಧವಾಗಿ ಪಟ್ಟಿ ಮಾಡಿದರು. ಮಾರುವವರು ಪ್ರೈಸ್ ಇಷ್ಟು ಎಂದು ಬರೆಯುವುದು ಬೆಲೆಯನ್ನಲ್ಲ, ಆ ಪಟ್ಟಿಯ ಸಂಖ್ಯೆಯನ್ನು. ಅಮೆರಿಕನ್ ನ್ಯೂಮಿಸ್ಮ್ಯಾಟಿಕ್ ಸೊಸೈಟಿಯ ಪೆಲ್ಲಾ ಎಂಬ ಜಾಲತಾಣದಲ್ಲಿ ಸಂಖ್ಯೆ ಹಾಕಿದರೆ ವಸ್ತುಸಂಗ್ರಹಾಲಯಗಳ ನಾಣ್ಯದ ಚಿತ್ರಗಳು ಉಚಿತವಾಗಿ ಸಿಗುತ್ತವೆ. ಚಿಹ್ನೆ ಒಂದು ಟಂಕಸಾಲೆಯದು, ಕೂಡಕ್ಷರ ಇನ್ನೊಂದರದು ಆಗಿದ್ದರೆ ಅನುಮಾನ ಪಡಿ.

ಠಸ್ಸೆಯ ವಿಷಯ. ಒಂದೇ ಠಸ್ಸೆಯಿಂದ ಬಂದ ಎರಡು ಖರೆ ನಾಣ್ಯಗಳಲ್ಲಿ ಮೂಗು, ಕೂದಲು, ಅಕ್ಷರ ಒಂದೇ ಇರುತ್ತವೆ. ಬಿಲ್ಲೆಯ ಆಕಾರ, ಚಿತ್ರ ಎಷ್ಟು ಪಕ್ಕಕ್ಕೆ ಸರಿದಿದೆ, ಅಂಚಿನ ಬಿರುಕು, ಸವೆತ, ಗೀರು ಮಾತ್ರ ಬೇರೆ ಬೇರೆ ಇರಲೇಬೇಕು, ಯಾಕೆಂದರೆ ಪ್ರತಿ ಏಟೂ ಕೈ ಏಟು. ನಿಮ್ಮ ನಾಣ್ಯದ ಕೆನ್ನೆಯ ಮೇಲಿನ ಗೀರು ಇನ್ನೊಂದು ಚಿತ್ರದಲ್ಲೂ ಅದೇ ಜಾಗದಲ್ಲಿ ಕಂಡರೆ ಎರಡರಲ್ಲಿ ಒಂದಾದರೂ ನಕಲು, ಬಹುತೇಕ ಎರಡೂ. ಹರಾಜುಗಳ ಹಳೆಯ ಚಿತ್ರಗಳನ್ನು ಹುಡುಕಿ ಹೀಗೆ ಹೋಲಿಸುವುದು ಬೇಸರದ ಕೆಲಸ, ಆದರೆ ಇಷ್ಟು ಗಟ್ಟಿಯಾದ ಪರೀಕ್ಷೆ ಬೇರೊಂದಿಲ್ಲ.

ಹತ್ತು ಪಟ್ಟಿನ ಲೂಪ್ ಹಿಡಿದು ಅಕ್ಷರಗಳ ಬುಡ ನೋಡಿ. ಠಸ್ಸೆ ಬಿದ್ದಾಗ ಬೆಳ್ಳಿ ನಡುವಿನಿಂದ ಹೊರಕ್ಕೆ ಹರಿಯುತ್ತದೆ. ಅಂಚಿನ ಹತ್ತಿರದ ಅಕ್ಷರಗಳ ಸುತ್ತ ಆ ಹರಿವಿನ ನವಿರಾದ ಗೆರೆಗಳಿರುತ್ತವೆ, ಅಕ್ಷರದ ಗೋಡೆ ನೆಟ್ಟಗೆ ಎದ್ದಿರುತ್ತದೆ. ಎರಕದಲ್ಲಿ ಗೋಡೆ ಬುಡದಲ್ಲಿ ದುಂಡಗಾಗಿ ನೆಲಕ್ಕೆ ಕೂಡಿಕೊಂಡಿರುತ್ತದೆ, ಸುತ್ತ ಸೂಜಿಮೊನೆಯಷ್ಟು ಸಣ್ಣ ಗುಂಡು ಕುಳಿಗಳು. ಮಣ್ಣು ತಿಂದ ಕುಳಿ ಗುಂಡಗಿರುವುದಿಲ್ಲ, ಅಂಕುಡೊಂಕಾಗಿರುತ್ತದೆ.

ಇನ್ನು ಎಲ್ಲಿಂದ ಶುರು ಮಾಡಬೇಕು ಎಂಬ ಪ್ರಶ್ನೆ. ಭಾರತದಲ್ಲಿ ಕೂತು ಹೆಲೆನಿಸ್ಟಿಕ್, ಅಂದರೆ ಅಲೆಕ್ಸಾಂಡರನಿಂದ ಮುಂದಿನ ಗ್ರೀಕ್ ಕಾಲದ ಬೆಳ್ಳಿ ಸಂಗ್ರಹಿಸುವವರು ಇಂಡೋ-ಗ್ರೀಕ್ ನಾಣ್ಯಗಳಿಂದ ಶುರು ಮಾಡದೆ ನೇರ ಅಲೆಕ್ಸಾಂಡರನ ನಾಡು ಮ್ಯಾಸಿಡೋನಿಯಾಕ್ಕೆ ಹೋಗುವುದು ನನಗೆ ಒಪ್ಪಿಗೆಯಿಲ್ಲ. ಮಿನಾಂಡರನ ಡ್ರಾಕ್ಮ್ ತೆಗೆದುಕೊಳ್ಳಿ. ಪಾಲಿ ಬೌದ್ಧರ ಮಿಲಿಂದ ರಾಜ ಇವನೇ, ಕ್ರಿ.ಪೂ. 2ನೇ ಶತಮಾನದ ನಡುವಿನವನು. ತೂಕ ಸುಮಾರು 2.45 ಗ್ರಾಂ, ಅಡ್ಡಗಲ 17-18 ಮಿ.ಮೀ. ಮುಂಬದಿಯಲ್ಲಿ ರಾಜನ ಎದೆಮಟ್ಟದ ಚಿತ್ರ: ಕೆಲವದರಲ್ಲಿ ತಲೆಗೆ ಬರೀ ಪಟ್ಟಿ, ಕೆಲವದರಲ್ಲಿ ಶಿರಸ್ತ್ರಾಣ, ಇನ್ನು ಕೆಲವದರಲ್ಲಿ ಬೆನ್ನು ತೋರಿಸಿ ಈಟಿ ಎತ್ತಿದ್ದಾನೆ. ಸುತ್ತ ಗ್ರೀಕಿನಲ್ಲಿ ಬಾಸಿಲೆಓಸ್ ಸೋಟೆರೋಸ್ ಮೆನಾಂದ್ರೂ. ಹಿಂಬದಿಯಲ್ಲಿ ಸಿಡಿಲು ಎಸೆಯುವ ಅಥೀನಾ, ಸುತ್ತ ವಾಯವ್ಯ ಭಾರತದ ಹಳೆಯ ಲಿಪಿಯಾದ ಖರೋಷ್ಠಿಯಲ್ಲಿ ಮಹರಜಸ ತ್ರತರಸ ಮೆನಂದ್ರಸ. ಖರೋಷ್ಠಿ ಬಲದಿಂದ ಎಡಕ್ಕೆ ಓದಬೇಕು. ಎರಡೂ ಬದಿ ರಕ್ಷಕ ರಾಜ ಮಿನಾಂಡರನದು ಎಂಬ ಒಂದೇ ಮಾತು ಹೇಳುವುದರಿಂದ ಗ್ರೀಕ್ ಬಲ್ಲವರು ಖರೋಷ್ಠಿಯನ್ನು ಈ ನಾಣ್ಯ ಹಿಡಿದೇ ಕಲಿಯಬಹುದು. ಜೇಮ್ಸ್ ಪ್ರಿನ್ಸೆಪ್ ಮೊದಲಾದವರು 1830ರ ದಶಕದಲ್ಲಿ ಆ ಲಿಪಿ ಬಿಡಿಸಿದ್ದೂ ಇಂಥ ನಾಣ್ಯಗಳಿಂದಲೇ.

ಮುಂಬದಿ-ಹಿಂಬದಿಯ ದಿಕ್ಕು ಇವುಗಳಲ್ಲಿ ಬಹುಪಾಲು 12 ಗಂಟೆಗೆ ಕೂಡುತ್ತದೆ. ಅಂದರೆ ಮೇಲಿನ-ಕೆಳಗಿನ ಅಂಚು ಹಿಡಿದು ತಿರುಗಿಸಿದರೆ ರಾಜನ ತಲೆ ಇದ್ದ ಕಡೆಯೇ ಅಥೀನಾಳ ತಲೆ ಬರಬೇಕು. ದಿಕ್ಕು ಅಡ್ಡಾದಿಡ್ಡಿ ಇದ್ದರೆ ಇನ್ನೊಮ್ಮೆ ನೋಡಿ. ಮಾರುವವರು ಕೊಡುವ ಬೋಪೆಅರಚ್ಚಿ ಸಂಖ್ಯೆ ಇವುಗಳ ಪಟ್ಟಿಯದು.

ಒಂದನೇ ಅಪೊಲೊಡೋಟಸನ ಚೌಕ ಡ್ರಾಕ್ಮ್ ಕೂಡ ಇದೇ ತೂಕ, ಒಂದು ಬದಿ ಆನೆ, ಇನ್ನೊಂದು ಬದಿ ಡುಬ್ಬವಿರುವ ಎತ್ತು. ರಾಜನ ಮುಖವೇ ಇಲ್ಲ. ಗ್ರೀಕ್ ಅಕ್ಷರಗಳ ನಡುವೆ ನಮ್ಮ ಎತ್ತು ನಿಂತಿರುವುದನ್ನು ಒಮ್ಮೆ ನೋಡಿದರೆ ಸಾಕು, ಉಳಿದದ್ದು ನಾನು ಹೇಳಬೇಕಿಲ್ಲ.

ದಖ್ಖನಕ್ಕೂ ಇದಕ್ಕೂ ಸಂಬಂಧವಿದೆ. ಕ್ರಿ.ಶ. 1ನೇ ಶತಮಾನದಲ್ಲಿ ಬರೆದ ಗ್ರೀಕ್ ವ್ಯಾಪಾರಿಯೊಬ್ಬನ ಸಮುದ್ರಯಾನದ ಕೈಪಿಡಿಯಲ್ಲಿ, ಅಪೊಲೊಡೋಟಸ್ ಮತ್ತು ಮಿನಾಂಡರನ ಹಳೆಯ ಡ್ರಾಕ್ಮ್‌ಗಳು ಭರೂಚಿನಲ್ಲಿ ಇನ್ನೂ ಚಲಾವಣೆಯಲ್ಲಿವೆ ಎಂಬ ಮಾತಿದೆ. ಪಶ್ಚಿಮ ಭಾರತ ಆಳಿದ ಶಕ ದೊರೆಗಳಾದ ಪಶ್ಚಿಮ ಕ್ಷತ್ರಪರು ಅದೇ ಅಳತೆಯಲ್ಲಿ ತಮ್ಮ ಬೆಳ್ಳಿ ಹೊಡೆದರು. ಕ್ಷತ್ರಪ ನಹಪಾನನ ನಾಣ್ಯಗಳ ಮೇಲೆ ಶಾತವಾಹನ ರಾಜ ಗೌತಮೀಪುತ್ರ ಶಾತಕರ್ಣಿ ತನ್ನ ಠಸ್ಸೆ ಹೊಡೆಸಿದ. 1906ರಲ್ಲಿ ನಾಸಿಕದ ಹತ್ತಿರ ಜೋಗಲ್‌ಟೆಂಭಿಯಲ್ಲಿ ಸಿಕ್ಕ 13 ಸಾವಿರಕ್ಕೂ ಹೆಚ್ಚು ನಾಣ್ಯಗಳಲ್ಲಿ ಮೂರನೇ ಎರಡರಷ್ಟು ಹೀಗೆ ಮರುಠಸ್ಸೆಯವು. ಶಾತವಾಹನರು ಆಮೇಲೆ ತಮ್ಮದೇ ಮುಖದ ಬೆಳ್ಳಿ ನಾಣ್ಯ ಹೊರಡಿಸಿದ್ದು ಈ ಸಾಲಿನಲ್ಲೇ. ಬೆಳಗಾವಿಯ ವಡಗಾವ-ಮಾಧವಪುರದಲ್ಲಿ ಅಗೆದಾಗ ಕಂಡದ್ದು ಆ ಶಾತವಾಹನರ ಕಾಲದ ಊರು.

ಆದ್ದರಿಂದ ನನ್ನ ಲೆಕ್ಕ ಹೀಗಿದೆ: ಎರಡು-ಮೂರು ಕ್ಷತ್ರಪ ಬೆಳ್ಳಿ, ಒಂದು ಓದಲು ಬರುವ ಮಿನಾಂಡರ್, ಒಂದು ಚೌಕ ಅಪೊಲೊಡೋಟಸ್. ಕ್ಷತ್ರಪ ನಾಣ್ಯ ಎಲ್ಲಕ್ಕಿಂತ ಅಗ್ಗ. ರಾಜನ ತಲೆಯ ಸುತ್ತ ಗ್ರೀಕ್ ಅಕ್ಷರ ಕೆಟ್ಟು ಬರೀ ಗೀಟಾಗಿ ಉಳಿದಿರುವುದು, ನಂತರದವುಗಳಲ್ಲಿ ತಲೆಯ ಹಿಂದೆ ಶಕ ವರ್ಷದ ಅಂಕಿ ಇರುವುದು ಕಾಣುತ್ತದೆ. ವರ್ಷ ಪೂರ್ತಿ ಬಿಲ್ಲೆಯ ಮೇಲೆ ಬಿದ್ದಿದ್ದರೆ ಬೆಲೆ ಏರುತ್ತದೆ. ಕೈ ಪಳಗಿದ ಮೇಲೆ ಅಲೆಕ್ಸಾಂಡರನ ಒಂದು ಡ್ರಾಕ್ಮ್. ಸಾರ್ಡಿಸ್, ಲ್ಯಾಂಪ್ಸಕೋಸ್, ಅಬಿಡೋಸ್, ಕೊಲೊಫೋನ್ ಮುಂತಾದ ಏಷ್ಯಾ ಮೈನರಿನ ಟಂಕಸಾಲೆಗಳವು ಸಾಕಷ್ಟು ಸಿಗುತ್ತವೆ. ಟೆಟ್ರಾಡ್ರಾಕ್ಮ್ ಕೊನೆಗೆ.

ಘಟಪ್ರಭಾ_ದಂಡಿ:

ಮೇಡಮ್, ಒಂದ ತಕರಾರು. ಮಿನಾಂಡರಂದು ಅಗ್ಗ ಅಂತ ನಕಲಿ ಇಲ್ಲ ಅನಕೋಬಾರ್ದು. 2.45 ಗ್ರಾಮಿನ ಸಣ್ಣ ನಾಣ್ಯಕ್ಕ ನೀರಿನ ಪರೀಕ್ಷಾ ನಡಿಯಂಗಿಲ್ಲ ಅಂತ ತಕ್ಕಡಿಯವರು ಈಗಷ್ಟ ಹೇಳಿದ್ರು. ಹೊಸಬರಿಗೆ 17 ಗ್ರಾಮಿಂದೇ ಪರೀಕ್ಷಾ ಮಾಡಾಕ ಸಲೀಸು.

ಖರೋಷ್ಠಿ_ಓದುಗಿ:

ನಿಜ. ಆದರೆ ಅಲ್ಲಿ ಮೋಸ ಹೋದರೆ ಕಳೆದುಕೊಳ್ಳುವುದೂ ಹೆಚ್ಚು. ಮಿನಾಂಡರಿನಲ್ಲಿ ಖರೋಷ್ಠಿಯೇ ಪರೀಕ್ಷೆ. ನಕಲಿ ಠಸ್ಸೆ ಕೆತ್ತುವವರು ಗ್ರೀಕ್ ಅಕ್ಷರ ನೋಡಿ ನೋಡಿ ಸರಿಯಾಗಿ ಕೆತ್ತುತ್ತಾರೆ, ಖರೋಷ್ಠಿಯಲ್ಲಿ ಎಡವುತ್ತಾರೆ. ಸ್ವರದ ಸಣ್ಣ ಅಡ್ಡಗೀಟು ಬಿಟ್ಟುಹೋಗಿರುತ್ತದೆ, ಒಂದೇ ನಾಣ್ಯದ ಎರಡು ರಕಾರಗಳು ಎರಡು ಬಗೆ ಇರುತ್ತವೆ. ಹನ್ನೆರಡು-ಹದಿಮೂರು ಅಕ್ಷರ ಕಲಿಯಲು ಒಂದು ವಾರ ಸಾಕು.

ಹುನಗುಂದ_ರಸಾಯನ:

ಯಾರೂ ಸ್ವಚ್ಛ ಮಾಡೂದು, ಇಡೂದರ ಬಗ್ಗೆ ಬರದಿಲ್ಲ. ಚಲೋ ನಾಣ್ಯ ಹಾಳಾಗೂದು ಮನಿಗೆ ಬಂದ ಮ್ಯಾಲೇ.

ಹುಣಸಿಹಣ್ಣು, ನಿಂಬಿಹುಳಿ, ವಿಭೂತಿ, ಹಲ್ಲಿನ ಪೇಸ್ಟು, ಪತ್ತಾರರ ಅಂಟವಾಳಕಾಯಿ ನೀರು ಮತ್ತ ಹಿತ್ತಾಳಿ ಬ್ರಷ್, ಯಾವುದೂ ಬ್ಯಾಡ. ಬಿಸಿನೀರು, ಸೋಡಾ, ಅಲ್ಯೂಮಿನಿಯಂ ಹಾಳಿ ಉಪಾಯಾನೂ ಬ್ಯಾಡ. ಕಪ್ಪು ಹೋಗ್ತೈತಿ ಖರೆ, ಮೈ ಬೂದಿ ಬಡದಂಗ ಆಗ್ತೈತಿ. ಆ ತೆಳ್ಳನ ಕಪ್ಪು-ಬೂದು ಬಣ್ಣಕ್ಕ ರೊಕ್ಕ ಕೊಡೋರು ಅದಾರ, ತಿಕ್ಕಿ ಹೊಳೆಸಿದ್ದಕ್ಕ ಅಲ್ಲ.

ಬರೀ ಮಣ್ಣಿದ್ರ ಡಿಸ್ಟಿಲ್ಡ್ ನೀರಾಗ ನೆನಿಹಾಕಿ ದಿನಾ ನೀರು ಬದಲಿಸ್ರಿ. ಮೆತ್ತಗಾದ ಮ್ಯಾಲ ಬಿದಿರಿನ ಹಲ್ಲುಕಡ್ಡಿಲೆ ತಗೀರಿ, ಸೂಜಿ ಬ್ಯಾಡ. ನೇರಳೆ-ಬೂದು ಬಣ್ಣದ, ಉಗುರಿನಂಗ ಗಟ್ಟಿ ಪದರು ಅಂಟಿದ್ರ ಅದು ಬೆಳ್ಳಿ ಕ್ಲೋರೈಡ್. ಅದಕ್ಕ ಫೋಟೋ ಸ್ಟುಡಿಯೋದವರು ಬಳಸ್ತಿದ್ದ ಹೈಪೋ, ಅಂದ್ರ ಸೋಡಿಯಂ ಥಯೋಸಲ್ಫೇಟ್, 100 ಮಿ.ಲೀ. ಡಿಸ್ಟಿಲ್ಡ್ ನೀರಿಗೆ 10 ಗ್ರಾಂ. ತಾಸಿಗೊಮ್ಮೆ ತಗದು ನೋಡ್ರಿ, ರಾತ್ರಿಪೂರ್ತಿ ಬಿಟ್ಟು ಮಲಗಬ್ಯಾಡ್ರಿ, ಭಾಳ ಹೊತ್ತಾದ್ರ ಅದರಾಗಿನ ಗಂಧಕದಿಂದ ಮೈ ಕಪ್ಪಿಡತೈತಿ. ಅದಕ್ಕ ಆಮ್ಲ ಕೂಡಸಬ್ಯಾಡ್ರಿ. ಆಮ್ಯಾಲ ಎರಡು-ಮೂರು ದಿನ ಡಿಸ್ಟಿಲ್ಡ್ ನೀರು ಬದಲಿಸಿ ತೊಳೀರಿ. ಹಸಿರು ತಾಮ್ರದ ಕಲಿಗೆ ತೆಳು ಅಮೋನಿಯಾ ನಡೀತೈತಿ, ಆದ್ರ ಬೆಳ್ಳಿ ಕರಗಿದ ಅಮೋನಿಯಾನ ಬಾಟ್ಲಿಯಾಗ ತುಂಬಿ ಇಡಬ್ಯಾಡ್ರಿ, ಒಣಗಾಕೂ ಬಿಡಬ್ಯಾಡ್ರಿ. ಸ್ಫೋಟಕ ಆಗ್ತೈತಿ. ಕೂಡ್ಲೇ ನೀರು ಹಾಕಿ ಚೆಲ್ಲಿಬಿಡ್ರಿ. ಮೊದಲ ಹೇಳಿದ ಹರಳುಗಟ್ಟಿದ ನಾಣ್ಯಕ್ಕ ಇದ್ಯಾವುದೂ ಮಾಡಬ್ಯಾಡ್ರಿ. ಕೆಲವದರಾಗ ಆ ಕ್ಲೋರೈಡೇ ಬಿರುಕು ಹಿಡದು ನಿಂತಿರತೈತಿ, ಅದು ಹೋದ್ರ ನಾಣ್ಯಾನೂ ಹೋತು.

ದೀಪಾವಳಿ ಲಕ್ಷ್ಮೀ ಪೂಜಾಕ್ಕ ಅರಿಷಿಣ-ಕುಂಕುಮ, ಪಂಚಾಮೃತ ಹಾಕೂದಿದ್ರ ಮನಿಯಾಗ ಐದನೇ ಜಾರ್ಜಿನ ರೂಪಾಯಿ ಇರತಾವ, ಅವನ್ನ ಇಡ್ರಿ.

ಇಡೂ ಮುಂದ ಮೆತ್ತನ, ವಾಸನಿ ಬರೂ ಪಿವಿಸಿ ಪಾಕೀಟು ಬ್ಯಾಡ. ವರ್ಷ ಕಳದ ಮ್ಯಾಲ ಹಸಿರು ಜಿಗಟು ಬಿಡತೈತಿ. ಬಿಟ್ಟಿದ್ರ ಅಸಿಟೋನಿನಾಗ ಅದ್ದಿ ತಗೀಬಹುದು, ಉಗುರಿನ ಬಣ್ಣ ತಗಿಯೂದಲ್ಲ, ಶುದ್ಧದ್ದು. ಮೈಲಾರ್ (ಪಾರದರ್ಶಕ ಪ್ಲಾಸ್ಟಿಕ್ ಹಾಳಿ) ಕಿಟಕಿಯ ರಟ್ಟಿನ ಹೋಲ್ಡರ್ ಚಲೋ. ಟೆಟ್ರಾಡ್ರಾಕ್ಮ್ ದಪ್ಪ ಇರೂದರಿಂದ ಸ್ಟೇಪಲ್ ಪಿನ್ನು ಇಕ್ಕಳಿಲೆ ಒತ್ತಿ ಸಪಾಟ ಮಾಡ್ರಿ, ಇಲ್ಲಂದ್ರ ಬಾಜೂ ಹೋಲ್ಡರಿನ ನಾಣ್ಯಕ್ಕ ಗೀರ್ತೈತಿ. ರಬ್ಬರ್ ಬ್ಯಾಂಡ್, ಸುದ್ದಿಪತ್ರಿಕೆ, ಉಣ್ಣಿ ಬಟ್ಟಿ ಒಂದ ಡಬ್ಬಿಯಾಗ ಬ್ಯಾಡ, ಎಲ್ಲಾ ಗಂಧಕ. ಬೆಳಗಾವಿ ಮಳಿಗಾಲಕ್ಕ ಸಿಲಿಕಾ ಜೆಲ್ ಬೇಕ ಬೇಕು. ವಿಜಯಪುರದಾಗ ಅಷ್ಟು ಚಿಂತಿಲ್ಲ.

ಲಾರಿನ್_ವಿಜಯಪುರ:

ಎಲ್ಲಾರಿಗೂ ಭಾಳ ಉಪಕಾರ ಆತ್ರಿ. ಆ ನಾಣ್ಯ ಬ್ಯಾಡಂತ ಹೇಳಿಕಳಿಸೀನಿ. ಮಿನಾಂಡರ್ ತಗೊಂಡ ಮ್ಯಾಲ ಅಮೆರಿಕಾಕ್ಕ ಕಳಿಸಿ ಪ್ಲಾಸ್ಟಿಕ್ ಡಬ್ಬಿಯಾಗ ಗ್ರೇಡ್ ಮಾಡಿಸ್ಕೊಂಡು ಬಂದ್ರ ಖಾತ್ರಿ ಇರ್ತದ ಅಂತ ಒಬ್ಬರು ಹೇಳ್ಯಾರ. ಮಾಡಿಸ್ಬಹುದಾ? ಮತ್ತ ಬಿಲ್ಲಿನಾಗ ಏನೇನು ಬರಸಬೇಕು?

ಘಟಪ್ರಭಾ_ದಂಡಿ:

ಕಳಸಂಗಿಲ್ಲ. ಗ್ರೇಡಿಂಗಿಗೆ ಕಳಸೂದೂ ರಫ್ತೇ, ವಾಪಸ್ ಬರ್ತೈತಿ ಅಂದ್ರೂ ರಫ್ತೇ. ಅಂಚೆ ಚೀಲದಾಗ ಸಿಕ್ಕಿಬಿದ್ರ ನಾಣ್ಯಾನೂ ಹೋಗ್ತೈತಿ, ಕೇಸೂ ಬೀಳ್ತೈತಿ. ಹೊರಗಿಂದ ಡಬ್ಬಿಯಾಗ ಬಂದ ಪ್ರಾಚೀನ ನಾಣ್ಯ ಕಂಡ್ರೂ ಕಂಪನಿಯ ಷರತ್ತು ಪೂರ್ತಿ ಓದ್ರಿ. ಹೊಸಾ ನಾಣ್ಯಕ್ಕ ಕೊಡೂ ಖಾತ್ರಿನ ಪ್ರಾಚೀನ ನಾಣ್ಯಕ್ಕೂ ಕೊಡ್ತಾರ ಅಂತ ತಿಳೀಬ್ಯಾಡ್ರಿ.

ಮುಂಬೈ, ಅಹಮದಾಬಾದ್, ಬೆಂಗಳೂರಿನ ಹರಾಜಿನಾಗ ತಗೊಂಡ್ರ ಲಾಟ್ ನಂಬರ್, ದಿನಾಂಕ, ಫೋಟೋ ಇರೂ ಪುಟ ಕಾಗದದ ಮ್ಯಾಲೂ ತಗದಿಡ್ರಿ. ಕೂಗಿದ ರೇಟಿನ ಮ್ಯಾಲ ಕಮಿಷನ್, ಅದರ ಮ್ಯಾಲ ತೆರಿಗಿ ಬೀಳ್ತಾವ, ಕೈ ಎತ್ತೂ ಮೊದಲ ಲೆಕ್ಕಾ ಹಾಕ್ರಿ. ಅಂಗಡಿಯಾಗ ತಗೊಂಡ್ರ ಬಿಲ್ಲಿನಾಗ ಹಳೇ ಬೆಳ್ಳಿ ನಾಣ್ಯ 1 ಅಂತ ಬರದ್ರ ಅದು ಬಿಲ್ಲೇ ಅಲ್ಲ. ರಾಜನ ಹೆಸರು, ಎರಡೂ ಬದಿ ಚಿತ್ರದ ವಿವರ, ತೂಕ ಎರಡು ಅಂಕಿತನಕ, ಅಡ್ಡಗಲ, ಪಟ್ಟಿ ಸಂಖ್ಯೆ, ಮಾರಿದವರ ಲೈಸೆನ್ಸ್ ನಂಬರ್ ಇಷ್ಟೂ ಇರಬೇಕು. ಜೋಡಿಗೆ, ನಕಲಿ ಅಂತ ತಿಳಿದ್ರ ರೊಕ್ಕ ವಾಪಸ್ ಅನ್ನೂ ಒಂದು ಸಾಲು, ಸಹಿ ಸಮೇತ. ಆ ಸಾಲು ಬರಿಯಾಕ ಹಿಂದ-ಮುಂದ ನೋಡಿದ್ರ ಅಲ್ಲಿಗೇ ಎದ್ದು ಬರ್ರಿ.

ಶಹಾಪುರ_ತಕ್ಕಡಿ:

ಬಿಲ್ಲಿನ ತೂಕ ಅಂಗಡಿ ಮಷಿನ್ನಿಂದು ಬರಸ್ಕೊಳ್ರಿ, ಮನಿಗೆ ಬಂದು ನಿಮ್ಮ ಮಷಿನ್ನಿನಾಗೂ ತೂಗ್ರಿ. ಅದಕ್ಕ ಮೊದಲ ನಿಮ್ಮ ಮಷಿನ್ ಸರಿ ಐತೇನು ನೋಡಾಕ ಹೊಸಾ ಐದು ರೂಪಾಯಿ ನಾಣ್ಯ ಇಡಬ್ಯಾಡ್ರಿ, ಅವು ಬ್ಯಾರೆ ಬ್ಯಾರೆ ತೂಕದಾಗ ಬಂದಾವು. 20 ಗ್ರಾಮಿನ ಪಿತ್ತಳಿ ತೂಕದ ಕಲ್ಲು ತರ್ರಿ.